ಹೊಳಪು ನೋಡಿದೆ, ಕೊಯ್ದು ನೋಡಲಿಲ್ಲ

ರಾಮನಗರ ಸೀಮೆಯ ಮಾವಿನವರಿಗೆ ಇರುವ ದೊಡ್ಡ ಅನುಕೂಲ ಒಂದೇ. ನಮ್ಮ ಬಾದಾಮಿ ಕೋಲಾರದ್ದಕ್ಕಿಂತ ಮೊದಲು ಪೇಟೆ ಸೇರುತ್ತದೆ. ಅಲ್ಲಿನ ಶ್ರೀನಿವಾಸಪುರದ ಲಾರಿಗಳು ಹೊರಡುವವರೆಗೆ ದರ ನಮ್ಮ ಕಡೆ ಇರುತ್ತದೆ. ಅವು ಹೊರಟ ಮೇಲೆ ಮಂಡಿಯಲ್ಲಿ ದಲ್ಲಾಳಿ ಹೇಳುವವನು, ನಾವು ತಲೆಯಾಡಿಸುವವರು. ಇಳಿಸಿದ ಕಾಯಿ ಅಷ್ಟರೊಳಗೆ ಮಾರಾಟವಾಗಬೇಕು. ಮಾರಾಟವಾಗದ್ದು ನಮಗಾಗಿ ಕಾಯುತ್ತ ಕೂರುವುದಿಲ್ಲ. ಬಲಿತ ಕಾಯಿಯನ್ನು ಅಡೆ ಹಾಕಿದರೆ ವಾರ ಕಳೆಯುವಷ್ಟರಲ್ಲಿ ಹಣ್ಣು. ಹಣ್ಣಾದ ಮೇಲೆ ಬೇಸಿಗೆಯ ಆ ಸೆಕೆಯಲ್ಲಿ ಮೂರ್ನಾಲ್ಕು ದಿನ ನೆಟ್ಟಗಿದ್ದರೆ ಪುಣ್ಯ.

ಈ ಆಯುಸ್ಸನ್ನು ಇನ್ನೊಂದು ವಾರ ಹಿಗ್ಗಿಸಬಹುದಾದರೆ ಎಂಬ ಆಸೆಯಿಂದ ನಾನು ಒಂದು ಹಂಗಾಮಿನ ಒಳ್ಳೆಯ ಹಣ್ಣನ್ನು ಕೈಯಾರೆ ಕೆಡಿಸಿದೆ. ನಂಬಿ ಮುಂಗಡ ಹಣ ಕೊಟ್ಟ ಗಿರಾಕಿಗಳನ್ನೂ ಕಳೆದುಕೊಂಡೆ. ಹಣ್ಣಿನ ಮೇಲೆ ತಿನ್ನಬಹುದಾದ ಲೇಪನ ಹಚ್ಚಿ ಬಾಳಿಕೆ ಹೆಚ್ಚಿಸುವ ತಂತ್ರದಲ್ಲಿ ದೋಷವಿಲ್ಲ. ಅದನ್ನು ಅರ್ಧ ತಿಳಿದು ಪೂರ್ತಿ ಬಳಸಿದ್ದು ನನ್ನ ದೋಷ. ಈಗ ನೇರ ಮಾರಾಟಕ್ಕೆ ಇಳಿಯುತ್ತಿರುವ ಬೆಳೆಗಾರರು ನನಗೆ ಫೋನು ಮಾಡಿ, ‘ಆ ಲೇಪನ ಎಲ್ಲಿ ಸಿಗುತ್ತೆ ಅಣ್ಣ?’ ಎಂದು ಕೇಳುತ್ತಾರೆ. ಎಲ್ಲಿ ಸಿಗುತ್ತದೆ ಎಂದು ಹೇಳುವ ಮೊದಲು ಅದರಿಂದ ನನಗೆ ಏನಾಯಿತು ಎಂಬುದನ್ನು ಹೇಳಬೇಕು.

ಆಸೆ ಹುಟ್ಟಿದ ಬಗೆ

ಮಂಡಿಯ ಸಹವಾಸ ಸಾಕೆನಿಸಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರವಾಗಿ ಪೆಟ್ಟಿಗೆ ಕಳಿಸತೊಡಗಿದ್ದೆ. 2019ರಿಂದ ಅಂಚೆ ಇಲಾಖೆಯೂ ಬೆಳೆಗಾರರ ಮಾವನ್ನು ನಗರದ ಮನೆಗಳಿಗೆ ಮುಟ್ಟಿಸುತ್ತಿರುವುದು ನಮ್ಮಂಥವರಿಗೆ ಧೈರ್ಯ ಕೊಟ್ಟಿತ್ತು. ನೇರ ಮಾರಾಟದಲ್ಲಿ ದರ ಚೆನ್ನಾಗಿ ಸಿಗುತ್ತದೆ. ಹಣ್ಣು ಕೆಟ್ಟರೆ ಬಯ್ಗುಳವೂ ನೇರವಾಗಿಯೇ ಬರುತ್ತದೆ. ಸಿಪ್ಪೆ ಸುಕ್ಕಾಗಿದೆ, ತೊಟ್ಟಿನ ಹತ್ತಿರ ಕಪ್ಪಾಗಿದೆ, ಎಲ್ಲವೂ ಒಂದೇ ದಿನ ಹಣ್ಣಾಗಿ ತಿನ್ನಲಾಗದೆ ಬಿಸಾಡಿದೆವು ಎಂಬ ದೂರುಗಳು ಪ್ರತಿ ಹಂಗಾಮಿನಲ್ಲೂ ಇದ್ದವು.

ಲೂಧಿಯಾನದಲ್ಲಿರುವ ಕೊಯ್ಲೋತ್ತರ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆ 2015ರಲ್ಲಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಕೊಯ್ಲಿನಿಂದ ಮಾರಾಟದವರೆಗೆ ಮಾವಿನ ನಷ್ಟ ಶೇ 9.16. ಸೀಬೆಯದು ಶೇ 15.88. ನೂರರಲ್ಲಿ ಒಂಬತ್ತು ಎಂದರೆ ಓದುವವರಿಗೆ ಸಣ್ಣ ಅಂಕಿ. ಬೆಳೆಗಾರನಿಗೆ ಅದು ಗೊಬ್ಬರ, ಔಷಧಿ, ಕೂಲಿ ಎಲ್ಲ ಕಳೆದು ಉಳಿಯುವ ಲಾಭಕ್ಕೆ ಹತ್ತಿರದ ಮೊತ್ತ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಅರಗು. ನಮ್ಮ ಜಿಲ್ಲೆಯವರಿಗೆ ಅರಗು ಹೊಸದಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ತಿಕ್ಕಿ ಹೊಳಪು ತರಿಸುತ್ತಾರೆ. ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಪುಟ್ಟ ಕೀಟಗಳು ಸುರಿಸುವ ಈ ಅಂಟನ್ನು ಶುದ್ಧ ಮಾಡಿದರೆ ಸಿಗುವುದೇ ಶೆಲಾಕ್. ಮರಗೆಲಸದ ಪಾಲಿಶ್‌ಗೂ ಅದು ಬೇಕು, ಮಾತ್ರೆಗಳ ಹೊರಪದರಕ್ಕೂ ಬೇಕು, ಅಂಗಡಿಯಲ್ಲಿ ಮಿರಮಿರ ಹೊಳೆಯುವ ಸೇಬಿಗೂ ಬೇಕು.

ಕಾನೂನಿನ ಅಡ್ಡಿಯೂ ಇರಲಿಲ್ಲ. ಜೇನುಮೇಣ, ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೂಬಾ ಮೇಣ, ಶೆಲಾಕ್ ಮೇಣ, ಈ ಮೂರನ್ನು ತಾಜಾ ಹಣ್ಣಿನ ಮೇಲೆ ಮಿತವಾಗಿ ಹಚ್ಚಲು ನಮ್ಮ ಆಹಾರ ಸುರಕ್ಷತಾ ನಿಯಮಗಳು ಅವಕಾಶ ಕೊಡುತ್ತವೆ. ಹಚ್ಚಿದ್ದನ್ನು ಲೇಬಲ್ಲಿನಲ್ಲಿ ಹೇಳಬೇಕು ಎಂಬ ಷರತ್ತೂ ಜೊತೆಗಿದೆ. ಮೊದಲ ಭಾಗವನ್ನು ನಾನು ಗಮನವಿಟ್ಟು ಓದಿದೆ. ಎರಡನೆಯದರ ಮೇಲೆ ಕಣ್ಣಾಡಿಸಿ ಮುಂದೆ ಹೋದೆ.

ಲೇಪನದ ಹಿಂದಿನ ಇತಿಹಾಸವೂ ನನ್ನ ಉತ್ಸಾಹಕ್ಕೆ ತುಪ್ಪ ಸುರಿಯಿತು. ಅಮೆರಿಕದ ಕಿತ್ತಳೆ ವ್ಯಾಪಾರಿಗಳು ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕದಲ್ಲೇ ತೊಳೆದ ಹಣ್ಣಿಗೆ ಮೇಣ ಹಚ್ಚತೊಡಗಿದ್ದರು. ತೊಳೆದಾಗ ಹಣ್ಣಿನ ಸ್ವಂತ ಮೇಣ ಸವೆದುಹೋಗುತ್ತದೆ, ಅದರ ಜಾಗಕ್ಕೆ ಇದು. ಇಲ್ಲೇ ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಹಣ್ಣು ತರಕಾರಿಗೆಂದೇ ಮೇಣದ ದ್ರಾವಣ ತಯಾರಿಸಿತ್ತು. ಇಷ್ಟು ಹಳೆಯ, ಇಷ್ಟು ಹತ್ತಿರದ ವಿದ್ಯೆಯನ್ನು ನಾವು ಬಳಸುತ್ತಿಲ್ಲವಲ್ಲ ಎಂದು ನನಗೆ ನಮ್ಮವರ ಮೇಲೆಯೇ ಸಿಟ್ಟು ಬಂದಿತ್ತು.

ಮಾಡಿದ್ದು

ಪೇಟೆಯ ಒಬ್ಬ ವ್ಯಾಪಾರಿಯಿಂದ ಶೆಲಾಕ್ ಪ್ರಧಾನವಾದ, ಆಹಾರಕ್ಕೆ ಬಳಸುವ ದರ್ಜೆಯ ದ್ರಾವಣದ ಕ್ಯಾನು ತಂದೆ. ಕ್ಯಾನಿನ ಮೇಲೆ ಕಿತ್ತಳೆ ಮತ್ತು ಸೇಬಿಗೆ ಎಂದು ಬರೆದಿತ್ತು. ಎಷ್ಟು ನೀರು ಬೆರೆಸಬೇಕು ಎಂಬುದೂ ಇತ್ತು. ಕಿತ್ತಳೆಗೆ ಆಗುವುದು ಮಾವಿಗೆ ಯಾಕಾಗಬಾರದು ಎಂದುಕೊಂಡೆ. ಅಷ್ಟು ನೀರು ಬೆರೆಸಿದರೆ ಹೊಳಪು ಸಾಲದು ಎನಿಸಿ ಕಡಿಮೆ ಬೆರೆಸಿದೆ. ಒಮ್ಮೆ ಅದ್ದಿ ಒಣಗಿಸಿದ್ದನ್ನು ಇನ್ನೊಮ್ಮೆ ಅದ್ದಿದೆ. ಔಷಧಿ ಸಿಂಪಡಿಸುವಾಗಲೂ ನಮ್ಮಲ್ಲಿ ಬಹಳ ಜನರ ಲೆಕ್ಕ ಇದೇ. ಡಬ್ಬಿಯಲ್ಲಿ ಬರೆದದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿದರೆ ಒಳ್ಳೆಯದು.

ಅಪ್ಪ ಜಗಲಿಯಿಂದಲೇ ನೋಡುತ್ತಿದ್ದರು. ‘ಮಾವಿನಕಾಯಿಗೂ ಪಾಲಿಶ್ ಹೊಡೀತೀಯೇನಪ್ಪಾ? ಬೊಂಬೆ ಮಾರಕ್ಕೆ ಹೊಂಟಿದ್ದೀಯೋ, ಹಣ್ಣು ಮಾರಕ್ಕೆ ಹೊಂಟಿದ್ದೀಯೋ?’ ಅಂದರು. ಅವರು ವಿಷವೆಂದು ಹೆದರಿದ್ದರು. ವಿಷವಲ್ಲ ಎಂಬುದನ್ನು ನಾನು ಕಾಗದ ತೋರಿಸಿ ಸಾಬೀತು ಮಾಡಿದೆ. ಅವರ ಮಾತಿನಲ್ಲಿ ತಪ್ಪಿದ್ದ ಭಾಗವನ್ನು ಗೆದ್ದ ಖುಷಿಯಲ್ಲಿ ಸರಿಯಿದ್ದ ಭಾಗ ಕಿವಿಗೆ ಬೀಳಲೇ ಇಲ್ಲ.

ಪರೀಕ್ಷೆ ಮಾಡದೆ ಕಳಿಸಿದೆ ಎಂದಲ್ಲ. ಪರಿಚಯದವರ ಶೀತಲಗೃಹದಲ್ಲಿ, ಹದಿಮೂರು ಡಿಗ್ರಿಯ ಕೋಣೆಯಲ್ಲಿ ಲೇಪನ ಹಚ್ಚಿದ ಕ್ರೇಟುಗಳನ್ನೂ ಹಚ್ಚದ ಕ್ರೇಟುಗಳನ್ನೂ ಇಟ್ಟೆ. ಆಗಾಗ ಹೋಗಿ ತೂಕ ಮಾಡಿ ಬರೆದುಕೊಂಡೆ. ಹಚ್ಚದ ಕಾಯಿ ತೂಕ ಕಳೆದುಕೊಂಡು ಮಂಕಾಗುತ್ತಿತ್ತು. ಹಚ್ಚಿದ್ದು ಇಟ್ಟ ಹಾಗೇ ಗಟ್ಟಿಯಾಗಿ, ಹಸಿರಾಗಿ, ಮಿಂಚುತ್ತ ಕೂತಿತ್ತು. ಫೋಟೋ ತೆಗೆದು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಮುಂಗಡ ಹರಿದುಬಂತು.

ತೂಕ ನೋಡಿದೆ, ಬಣ್ಣ ನೋಡಿದೆ, ಹೊಳಪು ನೋಡಿದೆ. ಒಂದು ಕಾಯಿಯನ್ನೂ ಕೋಣೆಯಿಂದ ಹೊರಗೆ ತಂದು, ಹಣ್ಣು ಮಾಡಿ, ಕೊಯ್ದು ತಿಂದು ನೋಡಲಿಲ್ಲ. ತಕ್ಕಡಿಗೆ ಸಿಗುವುದನ್ನೆಲ್ಲ ಅಳೆದು, ಹಣ್ಣು ಯಾಕೆ ಬೆಳೆಯುತ್ತೇವೋ ಆ ಒಂದನ್ನು ಬಿಟ್ಟಿದ್ದೆ.

ಬಂದ ಫೋನುಗಳು

ಮೊದಲು ಬಂದ ಫೋನುಗಳು ಸೌಮ್ಯವಾಗಿದ್ದವು. ‘ಸಾರ್, ಕಾಯಿ ಇನ್ನೂ ಹಣ್ಣಾಗಿಲ್ಲ. ಎಷ್ಟು ದಿನ ಇಡಬೇಕು?’ ನಾನು ಹೆಮ್ಮೆಯಿಂದಲೇ ಇನ್ನೂ ಕಾಯಿರಿ ಎಂದೆ. ನಿಧಾನವಾಗಿ ಹಣ್ಣಾಗಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಆಮೇಲೆ ಬಂದವು ಬೇರೆ ಥರದವು. ಸಿಪ್ಪೆ ಹಸಿರಾಗಿಯೇ ಇದೆ, ಒತ್ತಿದರೆ ಒಳಗೆ ಮೆತ್ತಗಿದೆ. ಕೊಯ್ದರೆ ವಾಟೆಯ ಸುತ್ತ ತಿರುಳು ಮಂಕಾಗಿದೆ. ಹುಳಿ ಹೋಗಿಲ್ಲ, ಸಿಹಿ ಬಂದಿಲ್ಲ, ಹೆಂಡದ ವಾಸನೆ ಬರುತ್ತಿದೆ. ಮನೆಯಲ್ಲಿ ಉಳಿದಿದ್ದ ಪೆಟ್ಟಿಗೆಯಿಂದ ಹೆಂಡತಿ ಒಂದನ್ನು ಕೊಯ್ದು ಮೂಗಿನ ಹತ್ತಿರ ಹಿಡಿದು ಏನೂ ಮಾತಾಡದೆ ನನ್ನ ಕೈಗೆ ಕೊಟ್ಟಳು. ಬಾದಾಮಿಯ ಪರಿಮಳ ಅದರಲ್ಲಿ ಹುಡುಕಿದರೂ ಇರಲಿಲ್ಲ.

ಒಬ್ಬ ಹಿರಿಯ ಹೆಂಗಸಿನ ಫೋನು ಎಲ್ಲಕ್ಕಿಂತ ಕಷ್ಟವಾಯಿತು. ‘ಅಲ್ಲಪ್ಪಾ, ಹಣ್ಣಿಗೆ ಏನು ಸವರಿದ್ದೀಯ? ಫ್ರಿಜ್ಜಿಂದ ಆಚೆ ಇಟ್ಟರೆ ಮೈಮೇಲೆಲ್ಲ ಬೆಳ್ಳಗೆ ಬರತ್ತೆ. ಮೊಮ್ಮಕ್ಕಳಿಗೆ ಕೊಡೋದೋ ಬೇಡವೋ, ನಿಜ ಹೇಳು’ ಎಂದರು. ನಾನು ನಿಜ ಹೇಳಲಿಲ್ಲ. ‘ಅದು ಹಣ್ಣಿನದೇ ಸಹಜ ಮೇಣ ಅಮ್ಮಾ’ ಎಂದೆ. ಮಾವಿನ ಮೈಮೇಲೆ ಸಹಜ ಮೇಣ ಇರುವುದು ಹೌದು. ಅವರು ಕೇಳಿದ್ದು ಅದನ್ನಲ್ಲ ಎಂಬುದು ನನಗೂ ಗೊತ್ತಿತ್ತು. ಹಣ್ಣು ಕೆಟ್ಟದ್ದಕ್ಕೆ ತಿಳಿವಳಿಕೆ ಸಾಲದೆಂದು ಸಮಾಧಾನ ಹೇಳಿಕೊಳ್ಳಬಹುದು, ಈ ಮಾತಿಗೆ ಅಂಥ ಸಮಾಧಾನವಿಲ್ಲ. ಸಂಜೆಯ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ನಮ್ಮ ತೋಟದ ಹಣ್ಣಿಗೆ ‘ಮೇಣದ ಮಾವು’ ಎಂಬ ಹೆಸರು ಬಿದ್ದಿತ್ತು. ದುಡ್ಡು ವಾಪಸು ಕೊಟ್ಟೆ. ಹೆಸರು ಹೋದದ್ದು ಹೋಯಿತು.

ಒಳಗೆ ನಡೆದದ್ದು

ತೋಟಗಾರಿಕೆಯಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದ ಒಬ್ಬರ ಮುಂದೆ ನನ್ನ ತೂಕದ ಪಟ್ಟಿ ಇಟ್ಟೆ. ಅವರು ಪಟ್ಟಿ ಓದಿ, ‘ಒಳಗಿನ ಗಾಳಿಯ ಲೆಕ್ಕ ಎಲ್ಲಿ?’ ಎಂದು ಕೇಳಿದರು. ಆ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದ್ದನ್ನು, ಆಮೇಲೆ ಓದಿಕೊಂಡದ್ದನ್ನು ಸೇರಿಸಿ ಬರೆಯುತ್ತೇನೆ.

ಮರದಿಂದ ಇಳಿಸಿದ ಕಾಯಿ ಸತ್ತಿರುವುದಿಲ್ಲ. ಅದು ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಸಕ್ಕರೆ, ಹುಳಿಗಳನ್ನು ಕರಗಿಸಿ, ಇಂಗಾಲದ ಡೈಆಕ್ಸೈಡು, ನೀರಾವಿ, ಶಾಖವನ್ನು ಹೊರಗೆ ಬಿಡುತ್ತಿರುತ್ತದೆ. ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳು ಈ ಗಾಳಿ ಓಡಾಡುವ ಜಾಗಗಳು. ಮಾವು, ಬಾಳೆ, ಸೀಬೆ, ಸಪೋಟಗಳಲ್ಲಿ ಒಂದು ಹಂತಕ್ಕೆ ಬಂದಾಗ ಎಥಿಲೀನ್ ಎಂಬ ಅನಿಲ ಹೆಚ್ಚಿ, ಉಸಿರಾಟ ಒಮ್ಮೆಲೇ ಏರಿ, ಹಸಿರು ಹೋಗಿ ಹಳದಿ ಬಂದು, ಪಿಷ್ಟ ಸಕ್ಕರೆಯಾಗಿ, ಪರಿಮಳ ಹುಟ್ಟುತ್ತದೆ. ಕಿತ್ತಳೆಯಲ್ಲಿ ಹೀಗಾಗುವುದಿಲ್ಲ. ಮರದ ಮೇಲೆ ಎಷ್ಟು ಹಣ್ಣಾಗಿತ್ತೋ ಅಷ್ಟೇ. ಅಂದರೆ ಕಿತ್ತಳೆಯ ಲೇಪನ ಆಗಲೇ ಹಣ್ಣಾದದ್ದನ್ನು ಕಾದರೆ ಸಾಕು. ಮಾವಿನ ಲೇಪನ ಇನ್ನೂ ಹಣ್ಣಾಗಬೇಕಾದದ್ದಕ್ಕೆ ದಾರಿ ಬಿಡಬೇಕು. ಕ್ಯಾನಿನ ಮೇಲೆ ಮಾವಿನ ಹೆಸರು ಇಲ್ಲದ್ದಕ್ಕೆ ಕಾರಣ ಇತ್ತು.

ಲೇಪನದಿಂದ ಆಗುವ ಕೆಲಸ ಎರಡು. ಒಂದು, ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ಮಾವಿನಲ್ಲಿ ಶೇ 80ಕ್ಕೂ ಹೆಚ್ಚು ನೀರೇ ಇರುವುದರಿಂದ ಸುಕ್ಕು, ತೂಕ ನಷ್ಟ ಎರಡೂ ಕಡಿಮೆಯಾಗುತ್ತವೆ. ಇನ್ನೊಂದು, ಗಾಳಿಯ ಓಡಾಟವನ್ನು ತಗ್ಗಿಸುತ್ತದೆ. ಹೊರಗಿನ ಗಾಳಿಯಲ್ಲಿ ಶೇ 21 ಇರುವ ಆಮ್ಲಜನಕ ಹಣ್ಣಿನೊಳಗೆ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಮಾಗುವ ಕೆಲಸ ನಿಧಾನವಾಗುತ್ತದೆ. ದೊಡ್ಡ ಶೀತಲಗೃಹಗಳಲ್ಲಿ ಕೋಣೆಯ ಗಾಳಿಯನ್ನೇ ಬದಲಿಸಿ ಸಾಧಿಸುವುದೂ ಇದನ್ನೇ. ಮಾವಿಗೆ ಅಲ್ಲಿ ಶೇ 3ರಿಂದ 5ರಷ್ಟು ಆಮ್ಲಜನಕ, ಶೇ 5ರಿಂದ 10ರಷ್ಟು ಇಂಗಾಲದ ಡೈಆಕ್ಸೈಡು ಹೊಂದುತ್ತದೆ. ಆಮ್ಲಜನಕ ಶೇ 2ಕ್ಕಿಂತ ಕೆಳಗಿಳಿದರೆ ತಿರುಳು ಬೂದು ಬಣ್ಣಕ್ಕೆ ತಿರುಗಿ ರುಚಿ ಕೆಡುತ್ತದೆ. ಅಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಅಂತರ ಬಹಳ ಸಣ್ಣದು. ಅದನ್ನು ನಾನು ಕಣ್ಣಂದಾಜಿನಲ್ಲಿ, ಎರಡೆರಡು ಸಲ ಅದ್ದಿ ದಾಟಿಬಿಟ್ಟಿದ್ದೆ.

ಆಮ್ಲಜನಕ ಸಾಲದಾದಾಗ ಹಣ್ಣು ಹೇಗೋ ಬದುಕಲು ನೋಡುತ್ತದೆ. ಸಕ್ಕರೆಯನ್ನು ಪೂರ್ತಿ ಉರಿಸಲಾಗದೆ ಅರ್ಧಕ್ಕೆ ಬಿಟ್ಟು ಅಸಿಟಾಲ್ಡಿಹೈಡ್, ಅಲ್ಲಿಂದ ಎಥನಾಲ್ ಅಂದರೆ ಮದ್ಯಸಾರ ಮಾಡಿಕೊಳ್ಳುತ್ತದೆ. ನನ್ನ ಗಿರಾಕಿಗಳಿಗೆ ಬಂದ ಹೆಂಡದ ವಾಸನೆ ಅವರ ಭ್ರಮೆಯಾಗಿರಲಿಲ್ಲ. ಸಿಪ್ಪೆ ಹಸಿರಾಗಿಯೇ ಉಳಿದದ್ದನ್ನು ನಾನು ತಾಜಾತನ ಎಂದು ಓದಿದ್ದೆ. ಅದು ಮಾಗುವ ಕೆಲಸ ನಿಂತುಹೋದ ಗುರುತು.

ಹಾಗಾದರೆ ಶೀತಲಗೃಹದಲ್ಲಿ ಇಟ್ಟದ್ದು ನೆಟ್ಟಗೆ ಕಂಡದ್ದು ಹೇಗೆ? ಅಲ್ಲಿದೆ ನನ್ನ ಪರೀಕ್ಷೆಯ ದೊಡ್ಡ ತೂತು. ಬಿಸಿ ಹತ್ತು ಡಿಗ್ರಿ ಏರಿದರೆ ಹಣ್ಣಿನ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಹಣ್ಣಿಗೆ ಬೇಕಾದ ಆಮ್ಲಜನಕ ಅಷ್ಟು ಹೆಚ್ಚಿದರೂ ಲೇಪನದ ಮೂಲಕ ಒಳಗೆ ಹೋಗುವ ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಚಳಿಗಾಲದಲ್ಲಿ ಹೊದ್ದ ಕಂಬಳಿಯನ್ನೇ ಬೇಸಿಗೆಯಲ್ಲೂ ಹೊದಿಸಿ ಮಲಗಿಸಿದ ಹಾಗೆ. ಹದಿಮೂರು ಡಿಗ್ರಿಯಲ್ಲಿ ಹೇಗೋ ಸಹಿಸಿಕೊಂಡ ದಪ್ಪದ ಪದರ, ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮುಚ್ಚಿಗೆಯ ವ್ಯಾನಿನೊಳಗೆ ಹಣ್ಣಿನ ಉಸಿರು ಕಟ್ಟಿಸಿತು. ತಂಪಿನಲ್ಲಿ ಪರೀಕ್ಷೆ ಮಾಡಿ ಬಿಸಿಲಿನಲ್ಲಿ ಸಾಗಿಸಿದೆ.

ಬೆಳ್ಳಗಿನ ಪೊರೆಗೂ ವಿವರಣೆ ಸಿಕ್ಕಿತು. ಶೆಲಾಕ್ ಹಚ್ಚಿದ ಹಣ್ಣನ್ನು ತಂಪಿನಿಂದ ಬಿಸಿಗೆ ತಂದಾಗ ಮೈಮೇಲೆ ನೀರಿನ ಹನಿ ಕೂತು ಪದರ ಬಿಳಿಚಿಕೊಳ್ಳುತ್ತದೆ. ಸೇಬು, ಕಿತ್ತಳೆಯವರಿಗೆ ಇದು ಹಳೆಯ ತಲೆನೋವು. ಆ ಅಮ್ಮನಿಗೆ ಅಪಾಯವೇನೂ ಇರಲಿಲ್ಲ. ಅದನ್ನು ಹೇಳುವ ತಿಳಿವಳಿಕೆ ನನ್ನಲ್ಲಿ ಇರಲಿಲ್ಲ, ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ.

ತೊಟ್ಟಿನ ಬಳಿಯ ಕೊಳೆಯದು ಇನ್ನೊಂದು ಕಥೆ. ಚಿಬ್ಬು ರೋಗದ ಶಿಲೀಂಧ್ರ ಹೂ, ಎಳೆಗಾಯಿಯ ಕಾಲದಲ್ಲೇ ಸಿಪ್ಪೆಯಲ್ಲಿ ಸೇರಿಕೊಂಡು ಸುಮ್ಮನಿರುತ್ತದೆ. ತೊಟ್ಟು ಕೊಳೆಯುವ ರೋಗದ್ದೂ ಹೀಗೆಯೇ ತೊಟ್ಟಿನಲ್ಲಿ ಅವಿತಿರುತ್ತದೆ. ಹಣ್ಣಾಗುವಾಗ ಎರಡೂ ಎದ್ದು ಬರುತ್ತವೆ. ಕೊಯ್ಲಿನ ನಂತರ ಮೇಲೆ ಹಚ್ಚಿದ ಮೇಣ ಅಷ್ಟು ಮೊದಲೇ ಒಳಗೆ ಸೇರಿದ್ದನ್ನು ಏನು ಮಾಡೀತು? ರೋಗ ತಡೆಯಬೇಕಾದದ್ದು ತೋಟದಲ್ಲಿ, ಹೂ ಬಿಡುವ ಕಾಲದಲ್ಲಿ, ಒಣಗಿದ ರೆಂಬೆ ಕತ್ತರಿಸಿ ತೆಗೆಯುವುದರಲ್ಲಿ.

ಯಾವ ಲೇಪನ, ಯಾತಕ್ಕೆ

ಲೇಪನವೆಂದರೆ ಒಂದೇ ಜಾತಿಯದಲ್ಲ. ಮೇಣಗಳು ನೀರನ್ನು ಚೆನ್ನಾಗಿ ತಡೆಯುತ್ತವೆ, ಗಾಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಪಿಷ್ಟ, ಗೋಂದು, ಕಡಲಪಾಚಿಯ ಆಲ್ಜಿನೇಟ್, ಸಿಗಡಿ ಏಡಿಗಳ ಚಿಪ್ಪಿನಿಂದ ತೆಗೆಯುವ ಚೈಟೋಸಾನ್ ಇವೆಲ್ಲ ಗಾಳಿಯನ್ನು ತಡೆಯುವಷ್ಟು ನೀರಾವಿಯನ್ನು ತಡೆಯುವುದಿಲ್ಲ. ಶೆಲಾಕ್ ಹೊಳಪಿನಲ್ಲಿ ಮುಂದು, ಗಾಳಿ ತಡೆಯುವುದರಲ್ಲೂ ಮುಂದು. ಅಮೆರಿಕದ ಎಲಿಜಬೆತ್ ಬಾಲ್ಡ್ವಿನ್ ಮತ್ತು ಜೊತೆಗಾರರು 1999ರಲ್ಲಿ ಮಾವಿನ ಮೇಲೆಯೇ ಎರಡು ಬಗೆಯ ಲೇಪನ ಹೋಲಿಸಿ ಪ್ರಕಟಿಸಿದ್ದಾರೆ. ಕಾರ್ನೂಬಾ ಮೇಣ ನೀರಿನ ನಷ್ಟ ತಗ್ಗಿಸಿತು. ಮಾಗುವುದನ್ನು ತಡಮಾಡಿದ್ದು ಪಾಲಿಸ್ಯಾಕರೈಡ್, ಅಂದರೆ ಪಿಷ್ಟ, ಗೋಂದುಗಳ ಗುಂಪಿಗೆ ಸೇರಿದ ಲೇಪನ ಮಾತ್ರ. ಹಾಗಾಗಿ ‘ಒಳ್ಳೆಯ ಲೇಪನ ಯಾವುದು?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸುಕ್ಕು ತಡೆಯಬೇಕೋ, ಮಾಗುವುದನ್ನು ನಿಧಾನಿಸಬೇಕೋ, ಯಾವ ಹಣ್ಣು, ಎಷ್ಟು ಬಿಸಿಯಲ್ಲಿ ಸಾಗಣೆ ಎಂದು ಕೇಳಿಕೊಂಡರೆ ಉತ್ತರವಿದೆ.

ಲೋಳೆಸರದ ತಿರುಳನ್ನು ಮನೆಯಲ್ಲೇ ಹಚ್ಚಿ ಎನ್ನುವ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ಸ್ಪೇನಿನ ಮಿಗೆಲ್ ಎರ್ನಾಂಡಿಸ್ ವಿಶ್ವವಿದ್ಯಾಲಯದವರು 2005ರಲ್ಲಿ ದ್ರಾಕ್ಷಿಗೆ ಲೋಳೆಸರ ಹಚ್ಚಿ ಒಳ್ಳೆಯ ಫಲ ಕಂಡದ್ದು ನಿಜ. ಅದು ತಂಪಿನಲ್ಲಿಟ್ಟ ದ್ರಾಕ್ಷಿ, ಅಳತೆಯಿಟ್ಟು ಸಂಸ್ಕರಿಸಿದ ತಿರುಳು. ಹಿತ್ತಲಿನಲ್ಲಿ ಕೊಯ್ದು ಮಿಕ್ಸಿಗೆ ಹಾಕಿದ ಲೋಳೆ ತಾನೇ ಬೇಗ ಕೆಡುವ ವಸ್ತು. ಅದನ್ನು ಹಣ್ಣಿಗೆ ಸವರಿ ಪೆಟ್ಟಿಗೆಯಲ್ಲಿ ಮುಚ್ಚಿದರೆ ಹಣ್ಣಿಗೂ ಅದರ ಗತಿಯೇ.

ಇನ್ನು ನಂಬಿಕೆಯ ಮಾತು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಆರಂಭವಾದ ಎಪೀಲ್ ಎಂಬ ಕಂಪನಿ ಸಸ್ಯದ ಎಣ್ಣೆಯಿಂದ ಪಡೆದ ಕೊಬ್ಬಿನಂಶಗಳಿಂದ ಕಣ್ಣಿಗೆ ಕಾಣದ ತೆಳು ಲೇಪನ ಮಾಡಿ ಬೆಣ್ಣೆಹಣ್ಣಿನ ಬಾಳಿಕೆ ಹೆಚ್ಚಿಸಿತು. 2023ರಲ್ಲಿ ಅದರ ವಿರುದ್ಧ ದೊಡ್ಡ ಪುಕಾರು ಎದ್ದಿತು. ಅದೇ ಹೆಸರಿನ, ಇಂಗ್ಲೆಂಡಿನ ಯಾವುದೋ ಶುಚಿಗೊಳಿಸುವ ದ್ರಾವಣದ ಎಚ್ಚರಿಕೆ ಪತ್ರವನ್ನು ಇದರದ್ದೆಂದು ಜನ ಹಂಚಿದ್ದರು. ಸುಳ್ಳೆಂದು ತಿಳಿದ ಮೇಲೂ ಸಂಶಯ ಉಳಿಯಿತು. ಸರಿಯಾದ ಲೇಪನ ಮಾಡಿದವರಿಗೇ ಈ ಪಾಡು. ಹಚ್ಚಿಯೂ ಹಚ್ಚಿಲ್ಲ ಎಂದ ನನ್ನನ್ನು ಯಾರು ನಂಬುತ್ತಾರೆ? ಮೇಣ ಎಲ್ಲಿಂದ ಬಂತು ಎಂಬುದೂ ತಿನ್ನುವವರಿಗೆ ಮುಖ್ಯ. ಶೆಲಾಕ್, ಜೇನುಮೇಣ ಎರಡೂ ಕೀಟದಿಂದ ಬರುವಂಥವು, ಚೈಟೋಸಾನ್ ಸಿಗಡಿಯದು. ಬೇಡ ಎನ್ನುವ ಹಕ್ಕು ಕೊಳ್ಳುವವರಿಗೆ ಇದೆ, ಆ ಹಕ್ಕು ಬಳಸಲು ಅವರಿಗೆ ವಿಷಯ ಗೊತ್ತಿರಬೇಕು.

ಈಗ ಮಾಡುವುದು

ಆ ಹಂಗಾಮಿನ ನಂತರ ಕ್ಯಾನನ್ನು ಮೂಲೆಗಿಟ್ಟು ಮೊದಲಿನಿಂದ ಲೆಕ್ಕ ಹಾಕಿದೆ. ಹಣ್ಣು ಬೇಗ ಕೆಡುತ್ತಿದ್ದುದಕ್ಕೆ ಕಾರಣ ಲೇಪನವಿಲ್ಲದ್ದು ಅಲ್ಲವೇ ಅಲ್ಲ. ಎಳೆಗಾಯಿ, ಬಲಿತ ಕಾಯಿ ಎರಡನ್ನೂ ಒಟ್ಟಿಗೆ ಇಳಿಸುತ್ತಿದ್ದೆವು. ಕಾಯಿ ಕೆಳಗೆ ಬೀಳುತ್ತಿತ್ತು. ಸೊನೆ ಸಿಪ್ಪೆಯ ಮೇಲೆ ಹರಿದು ಸುಟ್ಟ ಕಲೆ ಮಾಡುತ್ತಿತ್ತು. ಮಧ್ಯಾಹ್ನದವರೆಗೆ ಕ್ರೇಟುಗಳು ಬಿಸಿಲಿನಲ್ಲೇ ಇರುತ್ತಿದ್ದವು. ಇಷ್ಟು ತಪ್ಪುಗಳ ಮೇಲೆ ಮೇಣ ಬಳಿದು ಮುಚ್ಚಲು ಹೊರಟಿದ್ದೆ.

ಈಗ ಬೆಳಗಿನ ಹೊತ್ತಿನಲ್ಲೇ ಬಲೆ ಕಟ್ಟಿದ ದೋಟಿಯಿಂದ ತೊಟ್ಟುಸಮೇತ ಇಳಿಸುತ್ತೇವೆ. ತೊಟ್ಟಿನ ಸುತ್ತ ಭುಜ ತುಂಬಿ ಮೇಲೆದ್ದಿದೆಯೇ ಎಂದು ನೋಡುತ್ತೇವೆ. ಅನುಮಾನವಿದ್ದರೆ ಬಕೆಟ್ಟಿನ ನೀರಿಗೆ ಹಾಕುತ್ತೇವೆ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ನೆರಳಿನಲ್ಲಿ ತೊಟ್ಟು ಚಿಕ್ಕದಾಗಿ ಕತ್ತರಿಸಿ, ತಲೆಕೆಳಗಾಗಿಟ್ಟು ಸೊನೆ ಸೋರಿಸುತ್ತೇವೆ. ಆಮೇಲೆ 52 ಡಿಗ್ರಿ ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ಅದ್ದಿ ತಣಿಸುತ್ತೇವೆ. ಇದರಿಂದ ಚಿಬ್ಬು ಬಹಳಷ್ಟು ತಗ್ಗುತ್ತದೆ. ಈ ನೀರಿಗೆ ಥರ್ಮಾಮೀಟರು ಕಡ್ಡಾಯ, ಕೈ ಅದ್ದಿ ಅಂದಾಜು ಮಾಡಿದರೆ ಸಿಪ್ಪೆ ಬೆಂದುಹೋಗುತ್ತದೆ. ಕೂಡಿಡಬೇಕಾದ ಕಾಯಿಯನ್ನು ಹನ್ನೆರಡು, ಹದಿಮೂರು ಡಿಗ್ರಿಯಲ್ಲಿ ಇಡುತ್ತೇವೆ. ಎರಡು ಮೂರು ವಾರ ತಡೆಯುತ್ತದೆ. ಅದಕ್ಕಿಂತ ತಂಪು ಮಾಡಿದರೆ ಮಾವಿಗೆ ಶೀತದ ಪೆಟ್ಟು ಬಿದ್ದು ಸಿಪ್ಪೆ ಕಂದುತ್ತದೆ, ಹಣ್ಣು ಒಂದೇ ಸಮ ಮಾಗುವುದಿಲ್ಲ. ಬೇಗ ಮಾಗಿಸಬೇಕಾದಾಗ ಕಾರ್ಬೈಡಿನ ಹೆಸರೆತ್ತುವುದಿಲ್ಲ. ಅದು ಕಾನೂನಿನಲ್ಲೂ ನಿಷಿದ್ಧ. ಎಥಿಲೀನ್ ಅನಿಲದ ಕೋಣೆಗೆ ಕಳಿಸುತ್ತೇವೆ.

ಇಷ್ಟಕ್ಕೇ ದೂರುಗಳು ಬಹುಪಾಲು ನಿಂತವು. ಬೆಂಗಳೂರಿನ ಪೆಟ್ಟಿಗೆಗಳಿಗೆ ಲೇಪನವೇ ಬೇಕಿಲ್ಲ ಎಂಬುದು ಆಗ ಗೊತ್ತಾಯಿತು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರುವ ಹಣ್ಣಿಗೆ ಅದರ ಹಂಗೇಕೆ? ದೂರದ ಊರುಗಳಿಗೆ ಹೋಗುವ ಕಾಯಿಗೆ ಮಾತ್ರ ಕಾರ್ನೂಬಾ ಪ್ರಧಾನವಾದ ದ್ರಾವಣವನ್ನು ಹೇಳಿದಷ್ಟು ನೀರು ಬೆರೆಸಿ ಒಂದೇ ಸಲ ತೆಳ್ಳಗೆ ಹಚ್ಚುತ್ತೇವೆ. ಅದನ್ನು ಪೆಟ್ಟಿಗೆಯ ಮೇಲೆ, ಹಣ್ಣಿನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ಪ್ರತಿ ಕಂತಿನಿಂದ ಒಂದಿಷ್ಟು ಕಾಯಿಯನ್ನು ಮನೆಯ ಸೆಕೆಯಲ್ಲೇ ಮಾಗಿಸಿ, ಕೊಯ್ದು, ಅಪ್ಪನಿಗೆ ಕೊಡುತ್ತೇನೆ. ಅವರು ತಿಂದು ‘ಪರವಾಗಿಲ್ಲ’ ಎಂದರೆ ಉಳಿದದ್ದು ಹೊರಡುತ್ತದೆ. ಆ ಅಮ್ಮನಿಗೆ ಫೋನು ಮಾಡಿ ಅಂದು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ, ಹಣ್ಣು ಮತ್ತೆ ಕೇಳಲೂ ಇಲ್ಲ.

ಲೇಪನ ಹಚ್ಚಬೇಕೆಂದಿರುವ ಬೆಳೆಗಾರರಿಗೆ ಇಷ್ಟು ಹೇಳುತ್ತೇನೆ. ಕೊಯ್ಲು, ನೆರಳು, ತಂಪು ಈ ಮೂರು ಸರಿಯಾಗದೆ ಕ್ಯಾನು ಕೊಳ್ಳಬೇಡಿ. ಕೊಂಡರೆ ನಿಮ್ಮ ಹಣ್ಣಿಗೆ, ನಿಮ್ಮ ತಳಿಗೆ, ನಿಮ್ಮ ವ್ಯಾನಿನ ಬಿಸಿಗೆ ಪರೀಕ್ಷೆ ಮಾಡಿ. ಬಾದಾಮಿಗೆ ಹೊಂದಿದ ಅಳತೆ ರಸಪುರಿಗೆ ಹೊಂದಲೇಬೇಕೆಂದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಾಗಲಿ ಮೈಸೂರಿನ ಆಹಾರ ಸಂಶೋಧನಾಲಯವಾಗಲಿ ನಮ್ಮಿಂದ ದೂರದಲ್ಲಿಲ್ಲ. ಹಣ್ಣು ಹಾಳಾದ ಮೇಲೆ ಹೋಗುವ ಬದಲು ಮೊದಲೇ ಹೋಗಿ ಕೇಳಿ. ಹಚ್ಚಿದ್ದನ್ನು ಪೆಟ್ಟಿಗೆಯ ಮೇಲೆ ಬರೆಯಿರಿ. ಹಣ್ಣು ಕೊಳ್ಳುವವರಿಗೂ ಒಂದು ಮಾತು: ಮಾವಿನ ಹೊಳಪು ನೋಡಿ ದುಡ್ಡು ಕೊಡಬೇಡಿ, ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಪರಿಮಳವಿದ್ದರೆ ಕೊಳ್ಳಿ, ಏನು ಹಚ್ಚಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕೇಳುವವರಿದ್ದರೆ ನಮ್ಮಂಥವರು ನಿಜ ಹೇಳುವುದನ್ನು ಬೇಗ ಕಲಿಯುತ್ತೇವೆ.